ಸಂಪಾದಕರ ಉತ್ತರ: ತಿಕ್ಕಿ ತೊಳೆದಷ್ಟೂ ಉರಿ

ಪತ್ರ: "ಮುಟ್ಟು ನಿಂತ ಮೇಲೆ ಗುಪ್ತಾಂಗದಲ್ಲಿ ವಿಪರೀತ ನವೆ ಶುರುವಾಯಿತು. ರಾತ್ರಿ ನಿದ್ದೆ ಇಲ್ಲ. ಚರ್ಮ ಬೆಳ್ಳಗಾಗಿದೆ. ಫಂಗಸ್ ಎಂದು ಕೊಟ್ಟ ಔಷಧಿ ನಾಟಲಿಲ್ಲ. ಈಗ ಚರ್ಮದ ಡಾಕ್ಟರು ಲೈಕನ್ ಸ್ಕ್ಲೆರೋಸಸ್ ಅಂದರು, ಸ್ಟೀರಾಯ್ಡ್ ಮುಲಾಮು ಬರೆದರು. ಸ್ಟೀರಾಯ್ಡ್ ಬೇಡ, ನಂಜುನಾಶಕ ಹಾಕಿದ ಬಿಸಿನೀರಲ್ಲಿ ದಿನಕ್ಕೆರಡು ಸಲ ತೊಳೆದುಕೊಳ್ಳಿ ಅಂತಾಳೆ ಸೊಸೆ. ಯಾರ ಮಾತು ಕೇಳಲಿ? ಇದು ಮನೆಯವರಿಗೆ ಅಂಟುತ್ತದೆಯೇ?"
– ಹೆಸರು ಬೇಡ, ಚಿಂತಾಮಣಿ ತಾಲ್ಲೂಕು

ಅಮ್ಮಾ, ಡಾಕ್ಟರ ಮಾತು ಕೇಳಿ. ಅಂಟುವುದಿಲ್ಲ. ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಕಾಗದದಲ್ಲಿ 'ನಂಜುನಾಶಕ ಹಾಕಿದ ಬಿಸಿನೀರು' ಬಂತಲ್ಲ, ಅದು ನನ್ನ ಹಳೇ ಜಗಳ. "ಮತ್ತೆ ಸೋಪಿನ ವಿಷಯಾನಾ ಮೇಡಂ?" ಅಂದರು ನಮ್ಮ ಪ್ರೂಫ್ ನೋಡುವವರು. ಹೌದು, ಮತ್ತೆ.

ಸೊಸೆಯ ಮಾತು ಪೂರ್ತಿ ಸುಳ್ಳಲ್ಲ. ಹುಳುಕಡ್ಡಿಗೂ, ಮುಖ ಬೆಳ್ಳಗಾಗಲಿ ಅಂತಲೂ ಸ್ಟೀರಾಯ್ಡ್ ಮುಲಾಮು ಹಚ್ಚಿ ಚರ್ಮ ಕೆಡಿಸಿಕೊಂಡವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದ್ದು ಅದಕ್ಕೇ. ಆದರೂ ಅಂಗಡಿಯಲ್ಲಿ "ನವೆಗೆ ಏನಾದ್ರೂ ಕೊಡಿ" ಅಂದರೆ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬು ಕೈಗೆ ಬರುತ್ತದೆ. ಆ ಭಯ ಇರಲಿ, ಒಳ್ಳೆಯದೇ. ನಿಮಗೆ ಬರೆದುಕೊಟ್ಟಿರುವುದು ಮಾತ್ರ ಆ ಸಾಲಿಗೆ ಸೇರಿದ್ದಲ್ಲ.

ನಿಮ್ಮ ಕಾಯಿಲೆ ಹೊಸದಲ್ಲ. ಆಲೊಪೊ ಅನ್ನುವ ಫ್ರೆಂಚ್ ವೈದ್ಯರು 1887ರಲ್ಲೇ ಇದನ್ನು ವಿವರಿಸಿದ್ದರು. ಚರ್ಮ ಬೆಳ್ಳಗೆ, ಸಿಗರೇಟಿನ ಕಾಗದದ ಹಾಗೆ ತೆಳ್ಳಗೆ ಸುಕ್ಕಾಗುತ್ತದೆ, ಸೀಳು ಬಿಡುತ್ತದೆ, ರಾತ್ರಿ ನವೆ ಜಾಸ್ತಿ. ಹೆಚ್ಚಾಗಿ ಮುಟ್ಟು ನಿಂತವರಿಗೆ ಬರುತ್ತದೆ. ಇನ್ನೂ ಮೈನೆರೆಯದ ಪುಟ್ಟ ಹುಡುಗಿಯರಿಗೂ ಬರುವುದುಂಟು, ಗಂಡಸರಿಗೂ ಉಂಟು. ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಚರ್ಮದ ಮೇಲೇ ತಿರುಗಿ ಬೀಳುವುದು ಅದರಲ್ಲಿ ಸೇರಿದೆ ಅನ್ನುತ್ತಾರೆ. ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು ಕಾಣುವುದೂ ಅದಕ್ಕೇ. ಅಂದಮೇಲೆ ಇದು ಕೊಳೆಯಿಂದ ಬಂದದ್ದಲ್ಲ. ಕೊಳೆಯೇ ಅಲ್ಲದ ಮೇಲೆ ತೊಳೆದು ತೆಗೆಯುವುದೇನನ್ನು?

ಇದಕ್ಕೆ ಸಾಮಾನ್ಯವಾಗಿ ಬರೆಯುವುದು ಕ್ಲೊಬೆಟಸಾಲ್ ಪ್ರೊಪಿಯೊನೇಟ್ 0.05% ಮುಲಾಮು. ಮೊದಲ ತಿಂಗಳು ದಿನಾ ರಾತ್ರಿ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆರಡು ಸಲ. 30 ಗ್ರಾಂ ಟ್ಯೂಬು ಸುಮಾರು ಮೂರು ತಿಂಗಳು ಬರಬೇಕು. ಅದಕ್ಕಿಂತ ಬೇಗ ಮುಗಿದರೆ ಜಾಸ್ತಿ ಹಚ್ಚುತ್ತಿದ್ದೀರಿ ಅಂತ. ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಕಾಗದದಲ್ಲಿ 'ಗುಪ್ತಾಂಗಕ್ಕೆ ಹಚ್ಚಬಾರದು' ಎಂದು ಓದಿ, ಹೆದರಿ, ಟ್ಯೂಬನ್ನು ಬೀರುವಿನ ಸೀರೆಗಳ ಅಡಿ ಸೇರಿಸಿದವರನ್ನು ನಾನು ಬಲ್ಲೆ. ಅದು ಎಲ್ಲರಿಗೂ ಹೇಳುವ ಸಾಮಾನ್ಯ ಎಚ್ಚರಿಕೆ. ಡಾಕ್ಟರು ನೋಡಿ ಈ ಕಾಯಿಲೆಗೆಂದೇ ಬರೆದುಕೊಟ್ಟರೆ ಹಚ್ಚಬಹುದು. ಆಸ್ಟ್ರೇಲಿಯಾದಲ್ಲಿ 507 ಹೆಂಗಸರನ್ನು ವರ್ಷಗಟ್ಟಲೆ ನೋಡಿಕೊಂಡು 2015ರಲ್ಲಿ ವರದಿ ಪ್ರಕಟಿಸಿದರು. ಹೇಳಿದ ಹಾಗೆ ಮುಲಾಮು ಹಚ್ಚಿಕೊಂಡವರಲ್ಲಿ ಒಬ್ಬರಿಗೂ ಆ ಜಾಗದ ಕ್ಯಾನ್ಸರ್ ಆಗಲಿ, ಅದಕ್ಕೆ ಮುಂಚಿನ ಹಂತದ ಬದಲಾವಣೆಯಾಗಲಿ ಬರಲಿಲ್ಲ. ಮನಸ್ಸು ಬಂದಾಗ ಹಚ್ಚಿ, ಬೇಸರವಾದಾಗ ಬಿಟ್ಟವರಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಇವೆರಡರಲ್ಲೊಂದು ಬಂತು. ಸೊಸೆಗೆ ಇದನ್ನು ಓದಿ ಹೇಳಿ.

ಇನ್ನು ಸೊಸೆ ಹೇಳಿದ ಆ ನಂಜುನಾಶಕದ ಬಕೆಟ್ಟು. ನೀರಿಗೆ ಬಿದ್ದೊಡನೆ ಬೆಳ್ಳಗಾಗುವ ಆ ಕಂದು ದ್ರಾವಣ, ಆಸ್ಪತ್ರೆ ವಾಸನೆ, 'ಕ್ರಿಮಿ ಸತ್ತವು' ಅನ್ನುವ ಸಮಾಧಾನ! ಸೀಳು ಬಿಟ್ಟ ಚರ್ಮಕ್ಕೆ ಅದು ಬರೀ ಉರಿ. ಬೇವಿನ ಕಷಾಯ, ಅರಿಶಿನ, ಪೌಡರು, ಟಿವಿಯಲ್ಲಿ ತೋರಿಸುವ 'ಹೆಂಗಸರಿಗೆಂದೇ' ಮಾಡಿದ ಸುವಾಸನೆಯ ಸೀಸೆ, ಎಲ್ಲವೂ ಅಷ್ಟೇ. ನಮ್ಮ ಚರ್ಮಕ್ಕೆ ತುಸು ಹುಳಿ ಗುಣ, ಪಿಎಚ್ ಐದರ ಆಸುಪಾಸು. ಸೋಪಿನ ಬಿಲ್ಲೆ ಒಂಬತ್ತು ಹತ್ತು, ಅಂದರೆ ಹುಳಿಗೆ ತದ್ವಿರುದ್ಧವಾದ ಕ್ಷಾರ. ಅದರ ಮೇಲೆ ನಮ್ಮ ಜಿಲ್ಲೆಗಳ ನೀರು ನೋಡಿ. ನಂಬಿಕೊಳ್ಳಲು ಒಂದು ಜೀವನದಿ ಇಲ್ಲ, ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನ ಗಡಸು ನೀರು. ನೊರೆ ಬರಲ್ಲ ಅಂತ ಸೋಪು ಇನ್ನಷ್ಟು ಉಜ್ಜುತ್ತೇವೆ. ನೀರು ಸಾಲದು ಅಂತ ಬಟ್ಟೆ ಜಾಲಿಸುವುದು ಒಂದೇ ಸಲ, ಸೋಪಿನ ಪುಡಿ ನೂಲಿನಲ್ಲೇ ಉಳಿಯುತ್ತದೆ. ಒಳಬಟ್ಟೆಯನ್ನಾದರೂ ಇನ್ನೊಂದು ಸಲ ಜಾಲಿಸಿ. ಅದನ್ನು ಬಚ್ಚಲ ಮೂಲೆಯಲ್ಲಿ, ಹಸಿ ಸೀರೆಯ ಅಡಿ ಬಚ್ಚಿಟ್ಟು ಒಣಗಿಸುವ ಪದ್ಧತಿ ಇದೆಯಲ್ಲ, ಅದು ಯಾರ ಮರ್ಯಾದೆ ಕಾಯಲಿಕ್ಕೋ ನನಗೆ ಇವತ್ತಿಗೂ ತಿಳಿದಿಲ್ಲ. ಬಿಸಿಲಿಗೆ ಹಾಕಿ. ಹತ್ತಿಯದೇ ಇರಲಿ, ಸಡಿಲ ಇರಲಿ.

ಆ ಜಾಗಕ್ಕೆ ಉಗುರುಬೆಚ್ಚಗಿನ ಬರೀ ನೀರು ಸಾಕು, ದಿನಕ್ಕೊಮ್ಮೆ. ಉಜ್ಜಬೇಡಿ, ಮೆತ್ತನೆ ಬಟ್ಟೆ ಒತ್ತಿ ಒರೆಸಿ. ಮೂತ್ರ ತಾಗಿ ಉರಿಯುವುದಾದರೆ ಹೋಗುವ ಮುನ್ನ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ.

ಮೂತ್ರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಳಗಿನ ಜಾವ ಕೋಲಾರದ ಟೊಮೆಟೊ ಮಂಡಿಗೆ ಬರುವ ಹೆಂಗಸರನ್ನು ಕೇಳಿ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಗೆ ನಿಲ್ಲುವವರನ್ನು ಕೇಳಿ. ಹೊರಗೆ ಹೋಗಲು ಜಾಗವಿಲ್ಲವೆಂದು ನೀರು ಕುಡಿಯದೆ ಇರುವವರು, ಮೂತ್ರ ಸೋರುತ್ತದೆಂದು ದಿನವಿಡೀ ಒಂದೇ ಪ್ಯಾಡು ಕಟ್ಟಿಕೊಂಡಿರುವವರು ಎಷ್ಟು ಮಂದಿ! ಅವರಿಗೆ 'ಉರಿ ತರಿಸುವುದನ್ನು ದೂರವಿಡಿ' ಅಂತ ಕರಪತ್ರ ಹಂಚಿದರೆ ಏನು ಬಂತು? ಆಸ್ಪತ್ರೆಗೆ ಹೋದರೆ ಬಾಗಿಲು ತೆರೆದೇ ಇರುತ್ತದೆ, ಹಿಂದಿನವರು ಚೀಟಿ ಹಿಡಿದು ಹೆಗಲ ಮೇಲೇ ನಿಂತಿರುತ್ತಾರೆ, "ಏನಮ್ಮಾ ತೊಂದರೆ?" ಅಂತ ಜೋರಾಗಿ ಕೇಳುತ್ತಾರೆ. "ನವೆ ಸಾರ್" ಅನ್ನುವಷ್ಟರಲ್ಲಿ ಫಂಗಸ್ಸಿನ ಗುಳಿಗೆ ಬರೆದು ಮುಗಿದಿರುತ್ತದೆ. ಪರದೆ ಎಳೆದು ಒಮ್ಮೆ ನೋಡಿದ್ದರೆ ಎಷ್ಟೋ ಜನರಿಗೆ ಆ ಹೊತ್ತಿಗೇ ಗೊತ್ತಾಗುತ್ತಿತ್ತು. ನೀವು ಹಟ ಬಿಡದೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಿರಿ, ಅದು ದೊಡ್ಡ ವಿಷಯ. 'ಇಂಥದ್ದನ್ನು ಬರೆದಿದ್ದಕ್ಕೆ ಕ್ಷಮಿಸಿ' ಅಂತ ಕಾಗದದ ಕೊನೆಯಲ್ಲಿ ಸೇರಿಸಿದ್ದು ಮಾತ್ರ ನನಗೆ ಸರಿ ಬರಲಿಲ್ಲ.

ನವೆ ನಿಂತಿತು ಅಂತ ಮುಲಾಮು ಬಿಡಬೇಡಿ. ಮುಂದೆ ವಾರಕ್ಕೆಷ್ಟು ಸಲ ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಆರು ತಿಂಗಳಿಗೋ ವರ್ಷಕ್ಕೋ ತೋರಿಸುತ್ತಿರಿ. ನಡುವೆ ಮಾಯದ ಹುಣ್ಣು, ಗಂಟು, ದಪ್ಪಗಾದ ಚರ್ಮ ಕೈಗೆ ಸಿಕ್ಕರೆ ಆ ದಿನಾಂಕಕ್ಕೆ ಕಾಯದೆ ಹೋಗಿ. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರೆ ಒಪ್ಪಿಕೊಳ್ಳಿ.