ಚಿತ್ರದ ನೀಲಿ, ಬಾವಿಯ ನೀರು

ಪ್ರಶ್ನೆ: ನಮ್ಮ ಮನೆಯಿಂದ 400 ಮೀಟರ್ ದೂರದಲ್ಲಿ ಹಳೆಯ ಕಸದ ಗುಡ್ಡೆ ಇದೆ. ಈಚೆಗೆ ಅದರ ಪಕ್ಕದಲ್ಲಿ ಕಂಬಿ ನೆಟ್ಟು, ಕರೆಂಟು ಹಾಯಿಸಿ ಸರ್ವೆ ಮಾಡಿದರು. ವರದಿಯ ಚಿತ್ರದಲ್ಲಿ ನೀಲಿ ಬಣ್ಣ ನಮ್ಮ ಬಾವಿಯ ಕಡೆಗೆ ನಾಲಿಗೆಯ ಹಾಗೆ ಚಾಚಿದೆ. ಅಲ್ಲಿ 8 ಓಮ್-ಮೀಟರ್ ಅಂತ ಬರೆದಿದ್ದಾರೆ. ನೀರು ವಿಷವಾಗಿದೆಯಾ? ಬಾವಿ ಮುಚ್ಚಬೇಕಾ?

ಉತ್ತರ: ಈ ಚಿತ್ರ ನೋಡಿ ಬಾವಿ ಮುಚ್ಚಬೇಡಿ. ಆದರೆ ನೀರಿನ ಪರೀಕ್ಷೆಯ ಫಲಿತಾಂಶ ಕೈಗೆ ಬರುವ ತನಕ ಆ ನೀರು ಕುಡಿಯಲೂ ಬೇಡಿ. ಕುದಿಸಿ ಕುಡಿದರಾಯ್ತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಮತ್ತು ನೈಟ್ರೇಟ್ ಹಾಗೇ ಉಳಿಯುತ್ತವೆ.

ಆ ಯಂತ್ರ ಅಳೆಯುವುದು ವಿಷವನ್ನಲ್ಲ. ಎರಡು ಕಂಬಿಗಳಿಂದ ನೆಲಕ್ಕೆ ಕರೆಂಟು ಕೊಡುತ್ತಾರೆ, ಇನ್ನೆರಡು ಕಂಬಿಗಳ ನಡುವೆ ವೋಲ್ಟೇಜ್ ನೋಡುತ್ತಾರೆ. ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆ ತಡೆಯ ಅಳತೆಯೇ ಓಮ್-ಮೀಟರ್. ಕಸದಿಂದ ಇಳಿಯುವ ಕೊಳೆನೀರಿನಲ್ಲಿ ಕ್ಲೋರೈಡ್, ಸೋಡಿಯಂ, ಅಮೋನಿಯಂ ತುಂಬಾ ಇರುತ್ತವೆ. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದಲ್ವಾ, ಹಾಗೆ ಅಲ್ಲಿ ತಡೆ ಕಡಿಮೆ. ಅದನ್ನೇ ನೀಲಿಯಲ್ಲಿ ತೋರಿಸಿದ್ದಾರೆ. ತೊಂದರೆ ಏನೆಂದರೆ, ಒದ್ದೆ ಜೇಡಿಮಣ್ಣಿನ ತಡೆಯೂ ಅಷ್ಟೇ ಕಡಿಮೆ. 8 ಓಮ್-ಮೀಟರ್ ಅನ್ನುವುದು ಶುದ್ಧ ಜೇಡಿಯೂ ಆಗಬಹುದು, ಕೊಳೆನೀರು ಕುಡಿದ ಮರಳೂ ಆಗಬಹುದು.

ಈ ಪಾಠ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತೆ. ಒಂದು ಕಸದ ಗುಡ್ಡೆಯ ಇಳಿಜಾರಿನ ಕಡೆ 48 ಕಂಬಿಗಳನ್ನು ಐದೈದು ಮೀಟರ್‌ಗೆ ಒಂದರಂತೆ ಹೊಡೆದೆವು. ಒಟ್ಟು 235 ಮೀಟರ್ ಉದ್ದದ ಸಾಲು. ಅಷ್ಟು ಉದ್ದ ಇದ್ದರೆ ಸುಮಾರು 40 ಮೀಟರ್ ಆಳದವರೆಗೆ ನೋಡಬಹುದು. ಮೇಲ್ಮಣ್ಣು ಒಣಗಿತ್ತು. ಪ್ರತಿ ಕಂಬಿಯ ಬುಡಕ್ಕೂ ಮಗ್ಗಿನಿಂದ ಉಪ್ಪುನೀರು ಹಾಕುತ್ತಾ ನಡೆದದ್ದು ಇನ್ನೂ ನೆನಪಿದೆ. ಇಲ್ಲದಿದ್ದರೆ ಕರೆಂಟು ನೆಲಕ್ಕೆ ಇಳಿಯುವುದೇ ಇಲ್ಲ. ಸಂಜೆ ಚಿತ್ರ ಬಂತು. ನಡುವೆ ಗಾಢ ನೀಲಿ, 6 ಓಮ್-ಮೀಟರ್. ಕೊಳೆನೀರು ಸಿಕ್ಕಿತು ಅಂತ ಎಲ್ಲರೂ ಹೇಳಿದೆವು, ನಾನೂ ಹೇಳಿದೆ. ಅಲ್ಲಿ ಕೊರೆದಾಗ ಮೇಲೆ ಬಂದದ್ದು ಬೂದು ಬಣ್ಣದ ಜೇಡಿ. ಅಂಗೈಯಲ್ಲಿ ಹೊಸೆದರೆ ದಾರದ ಹಾಗೆ ಉದ್ದವಾಗುತ್ತಿತ್ತು. ನೀರು ಪರೀಕ್ಷಿಸಿದರೆ ಕ್ಲೋರೈಡ್ ಕಡಿಮೆ, ಅಮೋನಿಯಾ ಇಲ್ಲವೇ ಇಲ್ಲ.

ನಿಜವಾದ ಕೊಳೆನೀರು ಇದ್ದದ್ದು ಅದೇ ಸಾಲಿನ ತುದಿಯಲ್ಲಿ, ನಾವು ಯಾರೂ ಲಕ್ಷ್ಯ ಕೊಡದ ತಿಳಿಹಸಿರು ಜಾಗದಲ್ಲಿ. ಅಲ್ಲಿ 25 ಓಮ್-ಮೀಟರ್ ಇತ್ತು. ಆದರೆ ಆ ಮಣ್ಣು ಮರಳು. ಗುಡ್ಡೆಗಿಂತ ಮೇಲಿನ ಇಳಿಜಾರಿನಲ್ಲಿ, ಕಸ ತಾಗದ ಕಡೆ, ಅದೇ ಮರಳು 120 ತೋರಿಸಿತ್ತು. ಅಂದಿನಿಂದ ಯಾರು ವರದಿ ತಂದರೂ ನಾನು ಮೊದಲು ಕೇಳುವುದು ಇದೇ: ಕಸ ತಾಗದ, ಇದೇ ತರಹದ ಮಣ್ಣಿನಲ್ಲಿ ಅಳೆದಿರಾ? ಅದು ಇಲ್ಲದೆ 8 ಅನ್ನುವ ಅಂಕಿಯಿಂದ ಏನೂ ಹೇಳಲಾಗದು.

ನೀವೂ ಸರ್ವೆ ಮಾಡಿದವರನ್ನು ಇದನ್ನೇ ಕೇಳಿ. ಹತ್ತಿರದಲ್ಲಿ ಬೋರ್ ಕೊರೆದಾಗ ಯಾವ ಮಣ್ಣು ಸಿಕ್ಕಿತ್ತು ಅಂತಲೂ ಕೇಳಿ. ಅಂತರ್ಜಲ ಯಾವ ಕಡೆಗೆ ಹರಿಯುತ್ತಿದೆ ಅನ್ನುವುದು ಇನ್ನೂ ಮುಖ್ಯ. ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ ಅಳೆದರೆ ಅದು ತಿಳಿಯುತ್ತದೆ. ನೀರು ನಿಮ್ಮ ಬಾವಿಯಿಂದ ಗುಡ್ಡೆಯ ಕಡೆಗೆ ಹರಿಯುತ್ತಿದ್ದರೆ ಆ ನೀಲಿ ನಾಲಿಗೆಗೆ ಬಹುಶಃ ಜೇಡಿಯೇ ಕಾರಣ.

ಬಾವಿ ನೀರಿನಲ್ಲಿ ವಾಹಕತೆ (ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆ), ಕ್ಲೋರೈಡ್, ಅಮೋನಿಯಾ, ನೈಟ್ರೇಟ್, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ), ರೋಗಾಣು ಪರೀಕ್ಷೆ ಮಾಡಿಸಿ. ಕ್ಲೋರೈಡ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನ ಜೊತೆಗೇ ಸಾಗುತ್ತದೆ. ಹಾಗಾಗಿ ಕೊಳೆನೀರು ಬಂದಿದ್ದರೆ ಮೊದಲ ಸುಳಿವು ಅದರಲ್ಲೇ ಸಿಗುವುದು ಜಾಸ್ತಿ. ಸೀಸ, ಆರ್ಸೆನಿಕ್ ಪರೀಕ್ಷೆ ಬೇರೆಯಾಗಿಯೇ ಮಾಡಿಸಿ. ಇವು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ದೇಹಕ್ಕೆ ಕೆಡುಕು. ಅಷ್ಟು ಸಣ್ಣ ಪ್ರಮಾಣ ಯಾವ ಕಂಬಿಗೂ ಕಾಣುವುದಿಲ್ಲ. ಚಿತ್ರ ಪೂರ್ತಿ ಕೆಂಪಗಿದ್ದರೂ, ಅಂದರೆ ಎಲ್ಲೆಡೆ ತಡೆ ಜಾಸ್ತಿ ಇದ್ದರೂ, ನೀರು ಒಳ್ಳೆಯದು ಅಂತ ನಾನು ಹೇಳುವುದಿಲ್ಲ.

ಪ್ರಶ್ನೆ: ಕಂಬಿ ಹೊಡೆಯುವ ಬದಲು ರಾಡಾರ್ ಗಾಡಿ ಎಳೆದರೆ ಬೇಗ ಆಗುತ್ತದಂತೆ. ಕಸದ ಗುಡ್ಡೆಗೆ ಅದೇ ಸಾಕಲ್ವಾ?

ಉತ್ತರ: ಸಾಲದು. ಉಪ್ಪಿನ ಕೊಳೆನೀರು ಮತ್ತು ಜೇಡಿ, ಎರಡೂ ರಾಡಾರ್ ಅಲೆಯನ್ನು ನುಂಗಿಬಿಡುತ್ತವೆ. ಕೆಲವು ಕಡೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ಬೇಗ ಆಗಬೇಕಿದ್ದರೆ ಹೆಗಲಿಗೆ ಹಾಕಿಕೊಂಡು ನಡೆಯುವ ವಿದ್ಯುತ್ಕಾಂತೀಯ ಉಪಕರಣ ಬಳಸಿ. ಕಂಬಿ ಬೇಡ, ಒಂದೇ ದಿನದಲ್ಲಿ ಇಡೀ ಸುತ್ತಳತೆ ನಡೆದು ಮುಗಿಸಬಹುದು. ತಂತಿಬೇಲಿ, ಕರೆಂಟು ಲೈನಿನ ಹತ್ತಿರ ಮಾತ್ರ ಅದರ ಅಂಕಿ ನಂಬಬೇಡಿ. ಅನುಮಾನ ಬಂದ ಜಾಗಗಳಿಗೆ ಮಾತ್ರ ಕಂಬಿ ಸಾಲು ಹಾಕಿ. ಸಾಲಿನ ಎರಡೂ ತುದಿಗೆ ಕಲ್ಲು ನೆಟ್ಟು ಗುರುತು ಬಿಡಿ. ಮುಂದಿನ ವರ್ಷ ಇದೇ ಕಾಲದಲ್ಲಿ, ಅದೇ ಗುರುತಿನ ಮೇಲೆ ಮತ್ತೆ ಅಳೆಯಿರಿ. ಜೇಡಿಯಾದರೆ ಇದ್ದಲ್ಲೇ ಇರುತ್ತದೆ, ಕೊಳೆನೀರಾದರೆ ಮುಂದಕ್ಕೆ ಸರಿದಿರಬಹುದು.