ನಾಲ್ಕು ತಿಂಗಳಲ್ಲಿ ಐದು ಕೆಜಿ: ತಂಗಿಗೊಂದು ಉತ್ತರ

ತಂಗಿ,

ಈ ದೇಶಕ್ಕೆ ಬಂದು ನಾಲ್ಕು ತಿಂಗಳಾಯಿತು, ಐದು ಕೆಜಿ ತೂಕ ಏರಿದೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತದೆ, ಹೊಟ್ಟೆ ಯಾವಾಗಲೂ ಉಬ್ಬರಿಸಿದಂತಿರುತ್ತದೆ ಅಂತ ಬರೆದಿದ್ದೀಯ. ಇಲ್ಲಿನ ಊಟ ನನ್ನ ಮೈಗೆ ಒಗ್ಗುತ್ತಿಲ್ಲವಾ, ಹೋಗ್ತಾ ಹೋಗ್ತಾ ತಾನೇ ಸರಿಹೋಗುತ್ತಾ ಅಂತ ಕೇಳಿದ್ದೀಯ.

ತಾನಾಗೇ ಸರಿಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹತ್ತೊಂಬತ್ತು ವರ್ಷದ ಹಿಂದೆ ನಾನು ಬಂದಾಗ ಎಲ್ಲರೂ "ಒಂದು ವರ್ಷ ಕಳೆಯಲಿ, ಮೈ ಹೊಂದಿಕೊಳ್ಳುತ್ತೆ" ಅಂದಿದ್ದರು. ನಾನೂ ನಂಬಿ ಸುಮ್ಮನಿದ್ದೆ. ಮೂರನೇ ವರ್ಷ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಎಚ್‌ಬಿಎ1ಸಿ 6.2 ಬಂತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ ಅದು. 5.7 ದಾಟಿದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ನನಗಾಗ ಮೂವತ್ತೊಂದು ವರ್ಷ. ಆ ದಿನ ಆದ ಭಯ ನಿನಗೆ ಆಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀನು ಇಲ್ಲಿನ ಊಟವನ್ನು ದೂರುತ್ತಿದ್ದೀಯ. ನಾನೂ ಹಾಗೇ ದೂರುತ್ತಿದ್ದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ನಮ್ಮ ಅಡುಗೆಯನ್ನೇ ಮಾಡಿಕೊಳ್ಳುತ್ತೇವೆ, ಆದರೂ ಮೈ ಬದಲಾಗುತ್ತದೆ. ನಿನ್ನ ದಿನವನ್ನೇ ಒಮ್ಮೆ ಬಿಡಿಸಿ ನೋಡು. ಊರಲ್ಲಿದ್ದಾಗ ಎಷ್ಟು ನಡೆಯುತ್ತಿದ್ದೆ? ಅದನ್ನು ವ್ಯಾಯಾಮ ಅಂತ ಯಾರೂ ಕರೆಯುತ್ತಿರಲಿಲ್ಲ, ಹೋಗಬೇಕಾದಲ್ಲಿಗೆ ಹೋಗುತ್ತಿದ್ದೆ ಅಷ್ಟೆ. ಇಲ್ಲಿ ಬಾಗಿಲಿಂದ ಲಿಫ್ಟು, ಲಿಫ್ಟಿಂದ ರೈಲು, ರೈಲಿಂದ ಕುರ್ಚಿ. ಮಧ್ಯಾಹ್ನದ ಊಟ ಪರದೆಯ ಮುಂದೆ ಹತ್ತು ನಿಮಿಷಕ್ಕೆ ಇಳಿದಿದೆ. ಇಡೀ ದಿನದ ಹಸಿವು ರಾತ್ರಿ ಒಂಬತ್ತು ಗಂಟೆಗೆ ಒಟ್ಟಿಗೆ ಎದ್ದು ಕೂರುತ್ತದೆ. ಆಗ ಉಣ್ಣುವುದು ಒಬ್ಬಳೇ. ಸಾಕು ಅನ್ನುವವರೂ ಇಲ್ಲ, ಮಾತಾಡಿಸಿ ತುತ್ತು ನಿಧಾನ ಮಾಡುವವರೂ ಇಲ್ಲ. ಉಂಡ ಕೂಡಲೇ ಹಾಸಿಗೆ.

ಇನ್ನೊಂದನ್ನು ನಾನು ತಡವಾಗಿ ಗಮನಿಸಿದೆ. ಹಬ್ಬಕ್ಕೋ ನೆಂಟರು ಬಂದಾಗಲೋ ಮಾತ್ರ ಮಾಡುತ್ತಿದ್ದ ಅಡುಗೆ ಇಲ್ಲಿ ವಾರವಾರದ ಅಡುಗೆಯಾಗಿತ್ತು. ಕೈಯಲ್ಲಿ ಕಾಸು ಇರುತ್ತದೆ, ಎಣ್ಣೆ ಸಕ್ಕರೆ ದುಬಾರಿ ಅನ್ನಿಸುವುದಿಲ್ಲ, ಮನಸ್ಸು ಮನೆಯನ್ನು ಬಯಸುತ್ತಿರುತ್ತದೆ. ಬೇಸರವಾದಾಗೆಲ್ಲ ಕರಿದದ್ದು, ಸಿಹಿ. ಅದು ನಾಲಿಗೆಯ ಚಪಲವಲ್ಲ ತಂಗಿ, ಒಂಟಿತನ. ಅದಕ್ಕಾಗಿ ನಿನ್ನನ್ನು ನೀನು ಬೈದುಕೊಳ್ಳಬೇಡ.

ಬದಲಾವಣೆ ಎಷ್ಟು ಬೇಗ ಆಗುತ್ತದೆ ಅನ್ನುವುದು ನನ್ನೊಬ್ಬಳ ಅನುಭವವಲ್ಲ. ಕೀನ್ಯಾದ ಪಶ್ಚಿಮ ಭಾಗದ ಹಳ್ಳಿಗಳಿಂದ ನೈರೋಬಿಗೆ ಹೋದ ಲುವೋ ಜನರನ್ನು ಹಿಂಬಾಲಿಸಿದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ನಗರ ಸೇರಿದ ಕೆಲವೇ ತಿಂಗಳಲ್ಲಿ ಅವರ ರಕ್ತದೊತ್ತಡ ಹಳ್ಳಿಯಲ್ಲೇ ಉಳಿದವರಿಗಿಂತ ಮೇಲಿತ್ತು. ಮೂತ್ರದಲ್ಲಿ ಸೋಡಿಯಂ ಹೆಚ್ಚಿ ಪೊಟ್ಯಾಶಿಯಂ ಕಡಿಮೆಯಾಗಿತ್ತು. ಅಂದರೆ ಉಪ್ಪು ಏರಿ, ಸೊಪ್ಪು, ಕಾಳು, ಹಣ್ಣು ಇಳಿದಿದ್ದವು. ನಿನ್ನ ಹೊಟ್ಟೆಯ ಸಮಸ್ಯೆಗೂ ಇಂಥದ್ದೇ ಒಂದು ಸುಳಿವಿದೆ. ಆಗ್ನೇಯ ಏಷ್ಯಾದಿಂದ ಅಮೆರಿಕದ ಮಿನೆಸೋಟಾಕ್ಕೆ ಬಂದ ಹ್ಮಾಂಗ್ ಮತ್ತು ಕರೆನ್ ಹೆಂಗಸರ ಕರುಳಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ವರದಿ 2018ರಲ್ಲಿ ಬಂತು. ಬಂದ ತಿಂಗಳುಗಳಲ್ಲೇ ಅವುಗಳ ವೈವಿಧ್ಯ ಕುಗ್ಗಿತ್ತು, ನಾರಿನಂಶವನ್ನು ಜೀರ್ಣಿಸುವ ಶಕ್ತಿಯೂ ಇಳಿದಿತ್ತು. ಹಾಗಂತ ನಿನ್ನ ಹೊಟ್ಟೆಯುಬ್ಬರಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಮೂರು ವಾರಕ್ಕಿಂತ ಹೆಚ್ಚು ದಿನ ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ನನ್ನ ಯೋಚನೆಯನ್ನೇ ತಿರುಗಿಸಿದ್ದು ಜಪಾನಿಯರ ಕಥೆ. ಜಪಾನಿನಲ್ಲೇ ಇದ್ದ ಗಂಡಸರು, ಹವಾಯಿಗೆ ಹೋದವರು, ಕ್ಯಾಲಿಫೋರ್ನಿಯಾಕ್ಕೆ ಹೋದವರು, ಹೀಗೆ ಮೂರು ಗುಂಪುಗಳನ್ನು ಸಂಶೋಧಕರು 1960ರ ದಶಕದಿಂದ ಹೋಲಿಸಿ ನೋಡಿದರು. ಹೃದಯದ ಕಾಯಿಲೆ ಜಪಾನಿನಲ್ಲಿ ಎಲ್ಲಕ್ಕಿಂತ ಕಡಿಮೆ, ಹವಾಯಿಯಲ್ಲಿ ನಡುವೆ, ಕ್ಯಾಲಿಫೋರ್ನಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದೇ ಜನ, ಊರು ಮಾತ್ರ ಬೇರೆ. ಇದಕ್ಕಿಂತ ಮುಖ್ಯವಾದ ಸಂಗತಿ 1976ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ ಎಂಬ ಸಂಶೋಧಕರು ಬರೆದದ್ದು. ಕ್ಯಾಲಿಫೋರ್ನಿಯಾದಲ್ಲೇ ಇದ್ದರೂ ತಮ್ಮ ಸಮುದಾಯದ ಒಡನಾಟ, ತಮ್ಮ ಬದುಕಿನ ರೀತಿ ಬಿಡದವರಲ್ಲಿ ಹೃದಯದ ಕಾಯಿಲೆ ಜಪಾನಿನಷ್ಟೇ ಕಡಿಮೆಯಿತ್ತು. ಪೂರ್ತಿ ಹೊಸ ರೀತಿಗೆ ಒಗ್ಗಿದವರಲ್ಲಿ ಅದರ ಮೂರರಿಂದ ಐದು ಪಟ್ಟು. ಕೊಲೆಸ್ಟರಾಲ್, ರಕ್ತದೊತ್ತಡ, ಬೀಡಿ ಸಿಗರೇಟು ಇವುಗಳ ಲೆಕ್ಕ ಹಿಡಿದರೂ ಆ ಅಂತರ ಮುಚ್ಚಲಿಲ್ಲ. ಅದಕ್ಕೇ ನಾನು ಹೊಸಬರಿಗೆಲ್ಲ ಏನು ಉಣ್ಣುತ್ತೀ ಅಂತ ಕೇಳುವ ಮೊದಲು ಯಾರ ಜೊತೆ ಉಣ್ಣುತ್ತೀ ಅಂತ ಕೇಳುತ್ತೇನೆ.

ನಗರವೇ ಕೆಟ್ಟದ್ದು ಅಂತಲ್ಲ. ವರ್ಷವಿಡೀ ಹಣ್ಣು ತರಕಾರಿ, ಶುದ್ಧ ನೀರು, ಹತ್ತಿರದಲ್ಲೇ ಆಸ್ಪತ್ರೆ, ಇವೆಲ್ಲ ನಿಜವಾದ ಲಾಭ. ಹೊರಗೆ ಹೋದ ಆ ಜಪಾನಿಯರಲ್ಲಿ ಹೃದಯಾಘಾತ ಹೆಚ್ಚಿದರೂ ಪಾರ್ಶ್ವವಾಯು ಹವಾಯಿಗಿಂತ ಜಪಾನಿನಲ್ಲೇ ಜಾಸ್ತಿ ಇತ್ತು.

ಈಗ ಮಾಡಬೇಕಾದದ್ದು. ನಾನು ಸುಧಾರಿಸಿಕೊಂಡದ್ದು ಮಧ್ಯಾಹ್ನದ ಊಟ ಸರಿ ಮಾಡಿಕೊಂಡ ಮೇಲೆ. ರಾತ್ರಿ ಮಾಡುವ ಅಡುಗೆಯಲ್ಲಿ ಅರ್ಧವನ್ನು ಉಣ್ಣುವ ಮೊದಲೇ ಡಬ್ಬಿಗೆ ಹಾಕಿಡು. ಉಂಡ ಮೇಲೆ ಅಂದುಕೊಂಡರೆ ಡಬ್ಬಿಗೆ ಏನೂ ಉಳಿಯುವುದಿಲ್ಲ. ನಾಳೆ ಆ ಡಬ್ಬಿಯನ್ನು ಕೆಲಸದ ಜಾಗದಲ್ಲಿ ಯಾರ ಜೊತೆಗಾದರೂ ಕೂತು ಉಣ್ಣು. ಭಾಷೆ ತೊಡಕಾದರೂ ಪರವಾಗಿಲ್ಲ, ನನ್ನ ಮೊದಲ ಸ್ನೇಹ ಬೆಳೆದದ್ದೇ ಹಾಗೆ. ಮಧ್ಯಾಹ್ನ ಹೊಟ್ಟೆ ತುಂಬಿದರೆ ರಾತ್ರಿಯ ಊಟ ತಾನಾಗೇ ಹಗುರವಾಗುತ್ತದೆ. ಮನೆಗೆ ಒಂದು ನಿಲ್ದಾಣ ಮೊದಲೇ ಇಳಿದು ನಡೆ.

ಪೊಟ್ಟಣದ ಹಿಂಬದಿ ಓದುವುದನ್ನು ಕಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವು ದೇಶಗಳಲ್ಲಿ ಉಪ್ಪು ಅಂತಲೇ ಬರೆದಿರುತ್ತಾರೆ, ಕೆಲವೆಡೆ ಸೋಡಿಯಂ. ಸೋಡಿಯಂ ಇದ್ದರೆ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಬ್ರೆಡ್ಡು, ಸಾಸು, ಸೂಪಿನ ಪುಡಿ ಇವುಗಳಲ್ಲಿ ನಾಲಿಗೆಗೆ ಗೊತ್ತಾಗದಷ್ಟು ಉಪ್ಪು ಅಡಗಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದದ್ದೇ ಎಲ್ಲಕ್ಕಿಂತ ಹೆಚ್ಚು ಇರುವುದು. ಬಿಸಿಲು ಕಡಿಮೆಯ ಜಾಗದಲ್ಲಿದ್ದರೆ ವಿಟಮಿನ್ ಡಿ ಬಗ್ಗೆಯೂ ವೈದ್ಯರನ್ನು ಕೇಳು, ನಮ್ಮ ಮೈಬಣ್ಣಕ್ಕೆ ಅದು ತಯಾರಾಗಲು ಬಿಸಿಲು ಹೆಚ್ಚು ಬೇಕು. ನಿನ್ನ ಸುಸ್ತಿಗೆ ಅದೂ ಒಂದು ಕಾರಣ ಇರಬಹುದು.

ತೂಕದ ಜೊತೆ ಸೊಂಟವನ್ನೂ ಅಳೆ. ನಮ್ಮ ಕಡೆಯ ಮೈಕಟ್ಟಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರು ಮುಟ್ಟಿದರೇ ಎಚ್ಚರ ಬೇಕು. ನೋಡಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ನಮ್ಮವರಲ್ಲಿ ಹೆಚ್ಚು.

ಕೈ ಮೀರಿ ಹೋಗಿದೆ ಅಂದುಕೊಳ್ಳಬೇಡ. ಆಸ್ಟ್ರೇಲಿಯಾದಲ್ಲಿ ಮಧುಮೇಹವಿದ್ದ ಹತ್ತು ಜನ ಮೂಲನಿವಾಸಿಗಳು ಪಟ್ಟಣ ಬಿಟ್ಟು ಏಳು ವಾರ ತಮ್ಮ ಹಳೆಯ ಬೇಟೆ, ಅಲೆದಾಟದ ಬದುಕಿಗೆ ಮರಳಿದ್ದನ್ನು ಕೆರಿನ್ ಓಡೀ ಎಂಬ ಸಂಶೋಧಕಿ 1984ರಲ್ಲಿ ದಾಖಲಿಸಿದ್ದಾರೆ. ತಲಾ ಸುಮಾರು 8 ಕೆಜಿ ಇಳಿದಿತ್ತು, ಸಕ್ಕರೆ ಬಹಳ ಮಟ್ಟಿಗೆ ಹತೋಟಿಗೆ ಬಂದಿತ್ತು. ನನ್ನ 6.2 ಕೂಡ 5.5ಕ್ಕೆ ಇಳಿಯಿತು, ಹದಿನಾಲ್ಕು ತಿಂಗಳು ಹಿಡಿಯಿತು.

ಈ ವಾರ ರಕ್ತದೊತ್ತಡ, ಸಕ್ಕರೆ, ಸೊಂಟದ ಅಳತೆ ಮೂರನ್ನೂ ದಿನಾಂಕ ಹಾಕಿ ಬರೆದಿಟ್ಟುಕೋ. ನಾನಂತೂ ಬಂದಾಗಿನ ಲೆಕ್ಕ ಬರೆದಿಟ್ಟಿರಲಿಲ್ಲ. ಎಲ್ಲಿಂದ ಎಲ್ಲಿಗೆ ಬಂದೆ ಅನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬರೆದ ಮೇಲೆ ನನಗೂ ತಿಳಿಸು, ನೋಡೋಣ.