ಅಕ್ಕಿ ಮೂಟೆ ಹಿಂದೆ ಬೆಕ್ಕಿನ ಮರಿಗಳ ಗಲೀಜು

ಪ್ರಶ್ನೆ: ಸೌದೆ ಕೊಟ್ಟಿಗೆಯಲ್ಲಿ ತಾಯಿಯಿಲ್ಲದೆ ಸಿಕ್ಕ ಎರಡು ಬೆಕ್ಕಿನ ಮರಿಗಳನ್ನು ಸಾಕುತ್ತಿದ್ದೇವೆ. ಸುಮಾರು 5 ವಾರ ಆಗಿರಬಹುದು. ಹಿತ್ತಲ ಬಾಗಿಲ ಹತ್ತಿರ ಮರಳಿನ ಟ್ರೇ ಇಟ್ಟಿದ್ದರೂ ನಡುಮನೆಯ ಅಕ್ಕಿ ಮೂಟೆ ಹಿಂದೆಯೇ ಗಲೀಜು ಮಾಡುತ್ತವೆ. ದಿನಾ ಫಿನಾಯಿಲ್ ಹಾಕಿ ಒರೆಸುತ್ತೇನೆ. ಮೂಗು ತಿಕ್ಕಿ ಎರಡೇಟು ಕೊಟ್ಟರೆ ಕಲಿಯುತ್ತವೆ ಅಂತಾರೆ ಅತ್ತೆ. ಹಾಗೆ ಮಾಡಲೇ?
– ಓದುಗರೊಬ್ಬರು, ಸಾಗರ

ಉತ್ತರ: ಬೇಡ ತಾಯಿ, ಹೊಡೆಯಬೇಡಿ. ಏಟು ಯಾಕೆ ಬಿತ್ತು ಅಂತ ಮರಿಗೆ ತಿಳಿಯುವುದಿಲ್ಲ. ನಿಮ್ಮನ್ನು ಕಂಡರೆ ಹೆದರಿ, ಇನ್ನೂ ಒಳಗಿನ ಮೂಲೆ ಹುಡುಕುತ್ತದೆ ಅಷ್ಟೇ.

ಮೊದಲು ಆ ಫಿನಾಯಿಲ್ ನಿಲ್ಲಿಸಿ. ಅದರಲ್ಲಿರುವ ಫೀನಾಲ್‌ನಂಥ ವಸ್ತುಗಳನ್ನು ಬೆಕ್ಕಿನ ಲಿವರ್ ಅರಗಿಸಿಕೊಳ್ಳಲಾರದು. ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಂಡರೆ ಅದು ನೇರ ಹೊಟ್ಟೆಗೆ ಹೋಗುತ್ತದೆ. ಮರಿಗಳಿಗಂತೂ ಅಪಾಯ ಜಾಸ್ತಿ. ಉಚ್ಚೆ ವಾಸನೆ ಅದರಿಂದ ಪೂರ್ತಿ ಹೋಗುವುದೂ ಇಲ್ಲ. ನಮ್ಮ ಮೂಗಿಗೆ ಬರದಿದ್ದರೂ ಅವಕ್ಕೆ ಬರುತ್ತದೆ, ಮತ್ತೆ ಅಲ್ಲಿಗೇ ಬರುತ್ತವೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಮೂಟೆಯನ್ನು ಸ್ವಲ್ಪ ದಿನ ಬೇರೆ ಕಡೆ ಎತ್ತಿಡಿ.

ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತಾನಾಗಿ ಉಚ್ಚೆ ಮಾಡಲೂ ಬರುವುದಿಲ್ಲ, ತಾಯಿ ನೆಕ್ಕಬೇಕು. ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಇನ್ನೂ ಕಣ್ಣು ಸರಿಯಾಗಿ ಬಿಡದ ಮರಿಯೊಂದು ಬಂತು. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸುತ್ತಿದ್ದೆ, ನಡುರಾತ್ರಿಯಲ್ಲೂ. ನಾಲ್ಕನೇ ವಾರ ದಾಟುವಷ್ಟರಲ್ಲಿ ಅದೇ ಹೋಗಿ ಮರಳು ಕೆರೆದು ಕೂತಿತು. ಯಾರೂ ಕಲಿಸಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಹಾಗಾಗಿ ನಿಮ್ಮ ಮರಿಗಳಿಗೂ ಬುದ್ಧಿ ಇದೆ, ಟ್ರೇ ದೂರ ಇದೆ. ನಡುಮನೆಯಿಂದ ಹಿತ್ತಲ ಬಾಗಿಲವರೆಗೆ ತಡೆದುಕೊಳ್ಳುವಷ್ಟು ಅವಕ್ಕೆ ಆಗುವುದಿಲ್ಲ. ಆ ಮೂಲೆಯಲ್ಲೇ ಒಂದು ಟ್ರೇ ಇಡಿ. ಹಿತ್ತಲಿನದೂ ಇರಲಿ. ಅಂಚು ಎರಡು ಇಂಚಿಗಿಂತ ಎತ್ತರ ಬೇಡ, ರಟ್ಟಿನ ಡಬ್ಬ ಕತ್ತರಿಸಿದರೂ ಸಾಕು. ಜರಡಿ ಹಿಡಿದ ಮರಳು ಒಳ್ಳೆಯದು. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಲಿಟರ್ (ಮರಳಿನ ಬದಲು ಟ್ರೇಗೆ ಹಾಕುವ ಹರಳು) ಈಗ ಬೇಡ. ಈ ವಯಸ್ಸಲ್ಲಿ ಎಲ್ಲವನ್ನೂ ಬಾಯಿಗೆ ಹಾಕುತ್ತವೆ, ಕರುಳಲ್ಲಿ ಕಟ್ಟಿಕೊಳ್ಳಬಹುದು. ಊಟದ ಬಟ್ಟಲು ಟ್ರೇಯಿಂದ ದೂರ ಇರಲಿ.

ಉಂಡ ಮೇಲೆ, ನಿದ್ದೆಯಿಂದ ಎದ್ದ ಕೂಡಲೇ ಎತ್ತಿ ಟ್ರೇಯಲ್ಲಿ ಬಿಡಿ. ದಿನಾ ಎರಡು ಹೊತ್ತು ಗಲೀಜು ತೆಗೆಯಿರಿ. ಮರಿ ತಿಣುಕುತ್ತಾ ಕೂತರೂ ಉಚ್ಚೆ ಬರದಿದ್ದರೆ, ಅಥವಾ ಭೇದಿ ಶುರುವಾದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಪಶುವೈದ್ಯರಿಗೆ ತೋರಿಸಿ.